ಊಟದ ಮೇಲಿನ ಪ್ರಶ್ನೆ

ನವೆಂಬರ್ 14, ಸೋಮವಾರ

ಇವತ್ತು ಅಪ್ಪನನ್ನು ಹಾವೇರಿಯ ಆಸ್ಪತ್ರೆಯಿಂದ ರಾಣೆಬೆನ್ನೂರಿನ ಮನೆಗೆ ಕರೆತಂದೆವು. ಲಕ್ವ ಹೊಡೆದು ಬಲಗಾಲು ಎಳೆದುಕೊಂಡು ನಡೆಯುತ್ತಾರೆ. ಬಲಗೈ ಬೇರೆ ಯಾರದೋ ವಸ್ತುವಿನಂತೆ ಮಡಿಲಲ್ಲಿ ಬಿದ್ದಿರುತ್ತದೆ. ಮಾತು ಪೂರ್ತಿ ಹೋಗಿದೆ. ನೀರು ಬೇಕಾದರೂ 'ತಾ', ಅವ್ವನನ್ನು ಕರೆಯಬೇಕಾದರೂ 'ತಾ', ಸಿಟ್ಟು ಬಂದರೂ 'ತಾ'. ಆರು ಸಲ ಗೆದ್ದು ವಿಧಾನಸಭೆಯಲ್ಲಿ ಮಂತ್ರಿಗಳನ್ನು ಬೆವರಿಸಿದ ಬಾಯಿ ಅದು. ಅಧಿವೇಶನ ಇಲ್ಲದ ದಿನಗಳಲ್ಲಿ ಕರಿ ಕೋಟು ತೊಟ್ಟು ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಯ ಕೋರ್ಟುಗಳಲ್ಲಿ ಇಲ್ಲದವರ ಪರವಾಗಿ ವಾದಿಸಿದ ಬಾಯಿ. ಅಣ್ಣಾಜಿ ವಕೀಲರು ಎದ್ದು ನಿಂತರೆ ಎದುರಿನವರು ತಾವಾಗಿಯೇ ಕೂರುತ್ತಿದ್ದರಂತೆ.

ಆಸ್ಪತ್ರೆಯ ಪಡಸಾಲೆಯಲ್ಲಿಯೇ ಸುಭಾಷ ಎಲ್ಲ ತೀರ್ಮಾನ ಮಾಡಿಬಿಟ್ಟ. ತಾಲೂಕಿನಲ್ಲಿ ಪಕ್ಷದ ಅಧ್ಯಕ್ಷ ಅವನು. ಅಪ್ಪನ ಚುನಾವಣೆಗಳನ್ನೆಲ್ಲ ಓಡಾಡಿ ನಡೆಸಿದವನು.

"ಗಂಟಲಿಗೆ ಆಪರೇಷನ್ ಆಗೇತಿ, ಜೋರ್ ಮಾತಾಡಬಾರದು ಅಂತ ಡಾಕ್ಟರು ಹೇಳ್ಯಾರ. ಇಷ್ಟ ಹೇಳೂಣ್ರಿ ಅಕ್ಕಾರ. ಟಿಕೆಟಿಗೆ ಬಾಯಿ ತಕ್ಕೊಂಡು ಕುಂತವರು ಭಾಳ ಮಂದಿ ಅದಾರ. ಸಾಹೇಬ್ರ ಮಾತ ಹೋತು ಅಂತ ಗೊತ್ತಾದ್ರ ನಾಳೆನ ಹಾರ ತಗೊಂಡ ಬರ್ತಾರ. ಕೊರಳಿಗೆ ಹಾಕಾಕಲ್ಲ, ಫೋಟೋಕ್ಕ ಹಾಕಾಕ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ನಾನೂ ಆಡಿಸಿದೆ. ಕಾಲೇಜಿನಲ್ಲಿ ಪದ್ಯ ಪಾಠ ಮಾಡುವವಳು ನಾನು. ನಾಲ್ಕು ಗೋಡೆಯೊಳಗೆ, ನನಗಿಂತ ಚಿಕ್ಕವರ ಮುಂದೆ ಮಾತ್ರ ನನ್ನ ಧ್ವನಿ ಏಳುತ್ತದೆ. ಸಭೆ ಎಂದರೆ ಬೆನ್ನು ತಣ್ಣಗಾಗುತ್ತದೆ. ರಜೆ ಬರೆದುಕೊಟ್ಟಿದ್ದೇನೆ.

ಮಲಗುವ ಮುನ್ನ ಓದುವ ಪುಸ್ತಕ ದಿಂಬಿನ ಬಳಿ ಇದೆ. ಮೌನದ ಮೇಲಿನ ಒಂದು ಪದ್ಯವನ್ನು ಮತ್ತೆ ಮತ್ತೆ ಓದಿದೆ. ಪದ್ಯದೊಳಗೆ ಮೌನ ಎಷ್ಟು ಚೆಂದ. ಪಕ್ಕದ ಕೋಣೆಯಲ್ಲಿ ಅಲ್ಲ.

ನವೆಂಬರ್ 18, ಶುಕ್ರವಾರ

ಇವತ್ತಿನಿಂದ ಬೆಳಗಿನ ಭೇಟಿ ಶುರು ಮಾಡಲೇಬೇಕಾಯಿತು. ಬಾಗಿಲು ಮುಚ್ಚಿದಷ್ಟೂ ಜನ ಕಿಟಕಿಯಿಂದ ಇಣುಕುತ್ತಾರೆ.

ಉಪಾಯ ಹೇಳಿಕೊಟ್ಟವಳು ಮಾತಿನ ತರಬೇತಿ ಕೊಡಲು ಬರುವ ಸುಶ್ಮಿತಾ. "ಅವರಿಗೆ ಎಲ್ಲಾ ತಿಳೀತೈತಿ ಮೇಡಂ. ತಿಳಿಯೂದು ಹೋಗಿಲ್ಲ, ಹೇಳೂದಷ್ಟ ಹೋಗೇತಿ," ಎಂದಳು. ಅಪ್ಪನ ಎಡಗೈ ಗಟ್ಟಿಯಿದೆ. ಒತ್ತಿದರೆ ಹೌದು, ಹೆಬ್ಬೆರಳನ್ನು ಅಡ್ಡಡ್ಡ ಉಜ್ಜಿದರೆ ಬೇಡ. ಕುರ್ಚಿಯ ಮೇಲೆ ಅಪ್ಪ, ಪಕ್ಕದ ಸ್ಟೂಲಿನ ಮೇಲೆ ನಾನು, ಇಬ್ಬರ ಮೊಣಕಾಲಿನ ಮೇಲೂ ಒಂದು ಶಾಲು. ಶಾಲಿನ ಕೆಳಗೆ ಅವರ ಎಡಗೈ ನನ್ನ ಅಂಗೈಯೊಳಗೆ. ಜನ ಕೇಳಿದ್ದಕ್ಕೆ ನಾನು ಒಂದೊಂದಾಗಿ ಅಪ್ಪನನ್ನು ಕೇಳುವುದು, ಬೆರಳು ಹೇಳಿದ್ದನ್ನು ತಿಳಿಯುವುದು, ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ದು ಕೇಳಿಸಿಕೊಂಡವಳಂತೆ ಮಾಡಿ, 'ಅಪ್ಪ ಹಿಂಗಂತಾರ' ಎಂದು ಹೇಳುವುದು.

ನನಗೆ ಎಲ್ಲಕ್ಕಿಂತ ಹೆದರಿಕೆ ಮೊಬೈಲಿನದು. ಡ್ರೈವರ್ ಜಹಾಂಗೀರ ಅದಕ್ಕೊಂದು ದಾರಿ ಮಾಡಿದ. ಅವ್ವನ ತರಕಾರಿ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತ.

"ಮೊಬೈಲ್ ಇದರಾಗ ಹಾಕ್ರಿ. ಡಾಕ್ಟರ್ ಆರ್ಡರ್. ಕಿರಣ ಗಂಟಲಿಗೆ ಬಡೀತಾವು."

"ಹಂಗಾರ ಇಷ್ಟ ವರ್ಷ ಫೋನ್ಯಾಗ ಮಾತಾಡೇ ಗಂಟಲ ಕೆಟ್ಟಿತೇನಲೇ?" ಎಂದ ಬಂದವರಲ್ಲೊಬ್ಬ.

"ಹೌದ್ರಿ. ನಿಮ್ಮ ಫೋನ್ ಎತ್ತಿ ಎತ್ತಿ."

ಎಲ್ಲರೂ ನಕ್ಕರು. ಅಪ್ಪನೂ ಬಾಯಿಯ ಒಂದು ಪಕ್ಕದಿಂದ ನಕ್ಕರು. ಆ ಅರ್ಧ ನಗು ಯಾರಿಗಾದರೂ ಕಂಡಿತೇ ಎಂದು ನಾನು ಒಬ್ಬೊಬ್ಬರ ಮುಖ ನೋಡಿದೆ. ಬಂದವರು ಹೋಗುವಷ್ಟರಲ್ಲಿ ಅಂಗೈ ಬೆವರಿ ಅಪ್ಪನ ಕೈ ಜಾರುತ್ತಿತ್ತು. ಆದರೆ ಒಂದು ಮಾತನ್ನೂ ಹೆಚ್ಚು ಹೇಳಲಿಲ್ಲ, ಕಡಿಮೆ ಹೇಳಲಿಲ್ಲ.

ನವೆಂಬರ್ 26, ಶನಿವಾರ

ಐರಣಿಯಿಂದ ಹೊಳಿಯವ್ವ ಬಂದಿದ್ದಳು. ಅಪ್ಪನ ಕಕ್ಷಿದಾರಳು. ಊರಿನ ಬದಿಗೆ, ತುಂಗಭದ್ರೆಯ ದಂಡೆಗೆ ಅಂಟಿದಂತೆ ಅವಳದೊಂದು ಪಟ್ಟಿ ಹೊಲ. ಹೊಳೆ ಹಿಂದೆ ಸರಿದಾಗ ಉಳಿಯುವ ಮೆಕ್ಕಲಿನಲ್ಲಿ ಸವತಿಕಾಯಿ ಹಾಕುತ್ತಾಳೆ. ಪ್ರತಿ ವರ್ಷ ಮೊದಲ ಬುಟ್ಟಿ ಅಪ್ಪನಿಗೆ. ಅದೇ ಅವಳು ಕೊಡುವ ಫೀಸು. ಆ ಹೊಲ ತನಗೆ ಮಾರಾಟವಾಗಿದೆಯೆಂದು ಒಬ್ಬಾತ ದಾವೆ ಹಾಕಿದ್ದಾನೆ, ಮರಳು ಗುಡ್ಡೆ ಹಾಕಲು ಅವನಿಗೆ ದಂಡೆ ಬೇಕು. ಅವನು ಸುಭಾಷನ ತಂಗಿಯ ಗಂಡ. ತಮ್ಮದೇ ಪಕ್ಷದ ಅಧ್ಯಕ್ಷನ ಬೀಗರ ವಿರುದ್ಧ ಅಪ್ಪ ವರ್ಷಗಳಿಂದ ನಿಂತಿದ್ದಾರೆ. ರಾಜಿಯ ಮಾತು ಬಂದಾಗಲೆಲ್ಲ ಹೊಳಿಯವ್ವನನ್ನು ಕರೆಸಿ ಕೇಳಿದ್ದಾರೆ, ಅವಳು ಒಲ್ಲೆ ಎಂದಿದ್ದಾಳೆ, ಇವರು ಒಲ್ಲೆ ಎಂದಿದ್ದಾರೆ.

ಕೇಳುವುದಕ್ಕೆ ಅಪ್ಪನದೊಂದು ಪದ್ಧತಿ. ಬಂದ ಕೂಡಲೇ ಒಮ್ಮೆ ಕೇಳುವುದು. ಆಮೇಲೆ ಅವರನ್ನು ತಮ್ಮ ಎದುರಿಗೇ ಕೂರಿಸಿಕೊಂಡು ಊಟ ಹಾಕಿಸಿ, ಕೈ ತೊಳೆದ ಮೇಲೆ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುವುದು. ಎರಡನೆಯ ಉತ್ತರವೇ ಲೆಕ್ಕಕ್ಕೆ. "ಹಸದ ಹೊಟ್ಟಿ ಹ್ಞೂಂ ಅಂತದ. ತುಂಬಿದ ಹೊಟ್ಟಿ ವಿಚಾರ ಮಾಡ್ತದ," ಎನ್ನುತ್ತಿದ್ದರು. ಈ ಪದ್ಧತಿಗಾಗಿ ಅವ್ವ ಬಡಿದ ರೊಟ್ಟಿಯನ್ನು ಒಂದರ ಮೇಲೊಂದಿಟ್ಟರೆ ಕೋರ್ಟಿನ ಮಾಳಿಗೆ ಮುಟ್ಟೀತು.

ಇವತ್ತು ರಾಜಿಯ ಮಾತೇನೂ ಇರಲಿಲ್ಲ, ಬರೀ ನೋಡಲು ಬಂದಿದ್ದಳು. ಆದರೂ ಅಪ್ಪ ಒಳಗಿನ ಕಡೆ ಕಣ್ಣು ತೋರಿಸಿದರು. ಅವ್ವ ಎಲೆ ಹಾಕಿದಳು. ಹೊಳಿಯವ್ವ ಉಣ್ಣುತ್ತ, "ಹೊಳಿ ಇಳೀಲ್ರಿ ಸಾಹೇಬ್ರ, ಎಳೀ ಸವತಿಕಾಯಿ ತರ್ತೇನಿ. ಅದನ್ನ ತಿಂದ್ರ ಗಂಟಲ ತಾನ ಬಿಡತೈತಿ," ಎಂದಳು. ಅಪ್ಪನ ಕೈ ನನ್ನ ಕೈಯನ್ನು ಒತ್ತಿತು.

"ಏನಂತಾರ್ರಿ?"

"ಹೂಂ ಅಂತಾರ," ಎಂದೆ. ಇಷ್ಟು ಸಣ್ಣ ಮಾತನ್ನು ಸರಿಯಾಗಿ ದಾಟಿಸಿದ್ದಕ್ಕೆ ನನಗೆ ಅಳು ಬಂತು.

ಸಂಜೆ ಅಪ್ಪನಿಗೆ ಪದ್ಯ ಓದಿ ಹೇಳಿದೆ. ಲಯಕ್ಕೆ ಅವರ ಎಡಗಾಲು ಮೆಲ್ಲಗೆ ಕುಣಿಯಿತು.

ಡಿಸೆಂಬರ್ 6, ಮಂಗಳವಾರ

ಬರೆಯಲು ಅಂಜಿಕೆಯಾಗುತ್ತಿದೆ, ಆದರೆ ಇಲ್ಲಿ ಬರೆಯದೆ ಇನ್ನೆಲ್ಲಿ?

ಹಲಗೇರಿಯ ಮೈಮುನಾಬಿ ಬಂದಿದ್ದರು. ವಿಧವಾ ವೇತನ ನಿಂತುಹೋಗಿದೆ. ಅವರು ಹೇಳುತ್ತಿದ್ದಂತೆಯೇ ಅಪ್ಪನಿಗೆ ಜೊಂಪು ಹತ್ತಿತು. ಕಣ್ಣು ಅರೆತೆರೆದೇ ಇದ್ದವು, ಕೈ ಮಾತ್ರ ನನ್ನ ಕೈಯಲ್ಲಿ ಸತ್ತಂತೆ ಬಿದ್ದಿತ್ತು. ಹಿಂದೆ ಇಡೀ ಪಡಸಾಲೆ ನೋಡುತ್ತಿದೆ. ನಾನು ಕಿವಿ ಒಯ್ದೆ, ಉಸಿರು ಕೇಳಿಸಿತು. "ತಹಶೀಲ್ದಾರರಿಗೆ ಹೇಳ್ತಾರಂತರಿ," ಎಂದುಬಿಟ್ಟೆ.

ಮಧ್ಯಾಹ್ನ ನಾನೇ ಫೋನ್ ಮಾಡಬೇಕಾಯಿತು. 'ಸಾಹೇಬರು ಹೇಳಿದ್ದಾರೆ' ಎಂದೆ. ಅತ್ತಲಿಂದ, "ಆಗಲಿ ಮೇಡಂ, ಇವತ್ತೇ ನೋಡ್ತೀನಿ," ಎಂಬ ಧ್ವನಿ. ಫೋನ್ ಇಟ್ಟ ಮೇಲೆ ಗೋಡೆಗೆ ಒರಗಿ ನಿಂತೆ. ಸಿಕ್ಕಿಬಿದ್ದೆನೆಂಬ ಭಯ. ಆದರೆ ಯಾರ ಕೈಗೆ?

ಅಪ್ಪ ಎಚ್ಚರವಿದ್ದರೂ ಇದನ್ನೇ ಹೇಳುತ್ತಿದ್ದರು. ಇದರಲ್ಲಿ ಸುಳ್ಳು ಎಷ್ಟು ಪಾಲು?

ಡಿಸೆಂಬರ್ 20, ಮಂಗಳವಾರ

ಬೆಳಗಾವಿಯಲ್ಲಿ ಅಧಿವೇಶನ ನಡೆದಿದೆ. ಗಂಟಲಿನ ನೆಪ ಬರೆದು ರಜೆ ಕೇಳಿದ್ದೇವೆ. ಟೀವಿಯಲ್ಲಿ ಅಪ್ಪನ ಖಾಲಿ ಕುರ್ಚಿಯ ಮೇಲೆ ಕ್ಯಾಮೆರಾ ಹಾದುಹೋದಾಗ ಅಪ್ಪ ರಿಮೋಟ್ ಹುಡುಕಿ ಆರಿಸಿದರು.

ಹನ್ನೊಂದರ ಹೊತ್ತಿಗೆ ಸುಭಾಷ ಒಬ್ಬನೇ ಬಂದ. ಅಪ್ಪನ ಕಾಲು ಮುಟ್ಟಿದ. ಎದ್ದವನು ಸಹಜವೆಂಬಂತೆ ಶಾಲಿನ ಅಂಚು ಎತ್ತಿ, ನಮ್ಮಿಬ್ಬರ ಕೈಗಳನ್ನು ನೋಡಿ, ಮತ್ತೆ ಹೊದಿಸಿದ.

"ಥಂಡಿ ಭಾಳ ಐತಿ. ಛಲೋ ಮುಚ್ಚಿಕೊಂಡಿರ್ರಿ ಅಕ್ಕಾರ."

ನನ್ನ ಎದೆಯ ಬಡಿತ ಅಪ್ಪನ ಕೈಗೂ ತಿಳಿದಿರಬೇಕು. ಸುಭಾಷ ಹೋದ ತಿಂಗಳೇ ಊಹಿಸಿದ್ದನಂತೆ. ಸಾಹೇಬರು ಪಿಸುಮಾತನ್ನೂ ಆಡುತ್ತಿಲ್ಲ, ಶಾಲಿನ ಕೆಳಗಿನ ಕೈಯನ್ನು ಕೇಳಿ ನಾನೇ ಮಾತು ಕಟ್ಟುತ್ತೇನೆ ಎಂದು.

"ಐರಣಿ ಕೇಸೊಂದು ಮುಗಿಸಿಬಿಡೂಣ್ರಿ. ಫೆಬ್ರುವರಿ ಲೋಕ ಅದಾಲತ್ತಿನ್ಯಾಗ ರಾಜಿ. ಮುದುಕಿಗೆ ಹಲಗೇರ್ಯಾಗ ಮನಿ ಕೊಡಸ್ತೇನಿ. ಸಿಮೆಂಟಿನ ಮನಿ, ನಳ ಐತಿ, ಮತ್ತೇನ ಬೇಕು? ಆಕಿ ಸಾಹೇಬ್ರ ಮಾತ ಬಿಟ್ಟು ದೇವ್ರ ಮಾತೂ ಕೇಳಂಗಿಲ್ಲ. ಸಾಹೇಬ್ರು 'ಒಪ್ಪಿಕೋ' ಅಂದ್ರ ಮುಗೀತು."

ನಾನು ಅಪ್ಪನನ್ನು ಕೇಳುವ ಮೊದಲೇ ಹೆಬ್ಬೆರಳು ನನ್ನ ಅಂಗೈಯನ್ನು ಅಡ್ಡಡ್ಡ ಉಜ್ಜಿತು. ಬೇಡ. ಬೇಡ. ಚರ್ಮ ಉರಿಯುವಷ್ಟು.

"ಒಲ್ಲೆ ಅಂದ್ರ?" ಎಂದು ನಾನೇ ಕೇಳಿದೆ.

"ನಾನೇನ್ ಮಾಡ್ಲಿರಿ? ಮಂದಿ ಕೈಯಾಗ ಮೊಬೈಲ್ ಇರ್ತಾವು. ಎಲ್ಲಾರದೂ ಜಹಾಂಗೀರನ ಬುಟ್ಟ್ಯಾಗ ಹಿಡಿಸಂಗಿಲ್ಲ. ಸಾಹೇಬ್ರು 'ತಾ, ತಾ' ಅನ್ನೂದನ್ನ ಊರಾಗಿನ ಹುಡುಗೂರು ನೋಡಿ ನಗಾಕತ್ರ, ನನ್ನ ಕಣ್ಣೀಲೆ ನೋಡಾಕ ಆಗಂಗಿಲ್ರಿ."

ಅದನ್ನು ಅವನು ಅಪ್ಪನ ಎದುರಿಗೇ, ಅಪ್ಪ ಅಲ್ಲಿ ಇಲ್ಲವೆಂಬಂತೆ ಹೇಳಿದ. ಅಪ್ಪನ ಹೆಬ್ಬೆರಳು ನಿಲ್ಲಲೇ ಇಲ್ಲ. ನಾನು, "ವಿಚಾರ ಮಾಡೋಣ ಅಂತಾರ," ಎಂದೆ.

ಅವನು ಹೋದ ಮೇಲೆ ಅಪ್ಪ ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ. ಅವರು ಮಗಳನ್ನು ನೋಡಲಿಲ್ಲ. ಪಾಟೀಸವಾಲಿಗೆ ಎದ್ದು ನಿಂತಾಗ ಸಾಕ್ಷಿಯನ್ನು ನೋಡುತ್ತಿದ್ದ ಹಾಗೆ ನೋಡಿದರು.

ಡಿಸೆಂಬರ್ 29, ಗುರುವಾರ

ನಾಲ್ಕು ದಿನದಿಂದ ಅನ್ನ ಸೇರುತ್ತಿಲ್ಲ. ಬೀದಿಯಲ್ಲಿ ಹುಡುಗರು ಒಂದೇ ಮೊಬೈಲಿಗೆ ಬಾಗಿ ನಕ್ಕರೆ ಕಾಲು ಅಲ್ಲೇ ನಿಲ್ಲುತ್ತದೆ. ಆ ನಗು ಅಪ್ಪನ ಮೇಲಿನದು ಅನ್ನಿಸುತ್ತದೆ. ಅಪ್ಪನನ್ನು ನೋಡಿ ಜನ ನಗಬಾರದು. ಅದೊಂದು ಆಗಬಾರದು. ಉಳಿದದ್ದು ಏನಾದರೂ ಆಗಲಿ.

ಜನವರಿ 12, ಗುರುವಾರ

ಬ್ಯಾಡಗಿ. ಮೆಣಸಿನಕಾಯಿ ಬೆಳೆಗಾರರ ಸಭೆ. ಇವತ್ತು ಪೇಟೆಯ ದಿನ. ಊರು ಎರಡು ಮೈಲಿ ಇರುವಾಗಲೇ ಗಾಳಿ ಮೂಗಿಗೆ ಕಚ್ಚಿತು. ಅಂಗಳದ ತುಂಬ ಕೆಂಪು ರಾಶಿಗಳು. ಬರಲಾಗದು ಎಂದು ಹೇಳಿ ನೋಡಿದ್ದೆ. "ವೇದಿಕಿ ಮ್ಯಾಲೆ ಒಮ್ಮೆ ಕಾಣಸ್ಲಿಲ್ಲಂದ್ರ ಕಥಿ ಮುಗೀತು," ಎಂದ ಸುಭಾಷ.

ಅಪ್ಪನನ್ನು ಕೂರಿಸಿದೆವು, ಶಾಲು ಹೊದಿಸಿದೆವು. ಯಾರೋ ಮೈಕನ್ನು ಅಪ್ಪನ ಬಾಯಿಗೇ ಹಿಡಿದರು. ಅಪ್ಪ ಅಭ್ಯಾಸದಿಂದ ಬಾಯಿ ತೆರೆದರು. ಆ ಒಂದು ಗಳಿಗೆ, ಎದುರಿಗೆ ಸಾವಿರ ಮುಖ, ಎಷ್ಟೋ ಎತ್ತಿದ ಮೊಬೈಲುಗಳು. ನಾನು ಮೈಕನ್ನು ಕಿತ್ತುಕೊಂಡೆ.

ಮಾತು ಬರುವ ಮೊದಲು ಕೆಮ್ಮು ಬಂತು. ಮೆಣಸಿನ ಘಾಟು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರಿಳಿಯಿತು. ಮುಂದಿನ ಸಾಲಿನ ಮುದುಕನೊಬ್ಬ ಕೂಗಿದ: "ನಮ್ಮ ಮೆಣಸಿನಕಾಯಿ ಖರೇ ಐತಿ ಅಂತ ಈಗ ಗೊತ್ತಾತೇನವಾ ತಂಗಿ!" ಸಭೆ ನಕ್ಕಿತು. ನಾನೂ ನಕ್ಕೆ. "ಕಾಯಿಗೆ ಇರೋ ಖಾರ ರೇಟಿಗೆ ಇಲ್ಲ, ಅದಕ್ಕ ಕಣ್ಣಾಗ ನೀರು ಬಂತ್ರಿ. ಅಪ್ಪ ಇದನ್ನ ಹೇಳ ಅಂದಾರ," ಎಂದೆ.

ಚಪ್ಪಾಳೆ. ಆಮೇಲೆ ಏನೇನು ಹೇಳಿದೆನೋ ಪೂರ್ತಿ ನೆನಪಿಲ್ಲ. ಅಪ್ಪ ಹೇಳಿದ್ದಾರೆ, ಅಪ್ಪ ಹೇಳಿದ್ದಾರೆ ಎನ್ನುತ್ತ ಹೋದೆ. ಅವರು ಏನೂ ಹೇಳಿರಲಿಲ್ಲ. ನನ್ನ ಕೈಯೂ ಅವರ ಕೈಯಲ್ಲಿರಲಿಲ್ಲ, ಮೈಕಿನಲ್ಲಿತ್ತು. ಆದರೆ ಬೆನ್ನು ತಣ್ಣಗಾಗಲಿಲ್ಲ.

ಕಾರಿನಲ್ಲಿ ಬರುವಾಗ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ದಣಿದಿದ್ದರು. ಜಹಾಂಗೀರ, "ಸಾಹೇಬ್ರ, ಅಕ್ಕಾರು ನಿಮ್ಮ ಹಂಗ ಮಾತಾಡಿದ್ರು ನೋಡ್ರಿ," ಎಂದ. ಅವರು ತಿರುಗಿ ನೋಡಲಿಲ್ಲ.

ಜನವರಿ 15, ಭಾನುವಾರ

ಸಂಕ್ರಾಂತಿ. ಬಂದವರಿಗೆ ಕುಸುರೆಳ್ಳು ಹಂಚಿ ಕೈ ಸೋತಿತು. ಸುಭಾಷ ಎಳ್ಳು ಬಾಯಿಗೆ ಹಾಕಿಕೊಂಡು, "ಎಲೆಕ್ಷನ್ನಿಗೆ ಸಾಹೇಬ್ರ ಬದ್ಲಿ ನೀವ ಯಾಕ ನಿಲ್ಲಬಾರ್ದು? ಬ್ಯಾಡಗಿ ಮಂದಿ ಇನ್ನೂ ನಿಮ್ಮ ಮಾತ ಆಡಾಕತ್ತಾರ," ಎಂದ. ಹುಚ್ಚು ಮಾತು. ನಗೆಯಾಡಿ ಕಳಿಸಿದೆ.

ನಾನು ನಿಂತರೆ ಅಪ್ಪನನ್ನು ಯಾರ ಮುಂದೆಯೂ ತಂದು ಕೂರಿಸಬೇಕಾಗಿಲ್ಲ. ಯಾರೂ ನಗುವುದಿಲ್ಲ. ಅಷ್ಟು ಮಾತ್ರ ನಿಜ.

ಅವ್ವ ಸಜ್ಜೆ ರೊಟ್ಟಿ ಬಡಿಯುತ್ತ ಕೂತಲ್ಲಿಂದಲೇ, "ಮನ್ಯಾಗ ಉಣ್ಣಲಿಕ್ಕೆ ಬರೋ ಮಂದಿ ಕಡಿಮಿ ಆದ್ರು. ಚಹಾ ಕುಡದು ಹೋಗೋ ಮಂದಿ ಹೆಚ್ಚಾದ್ರು," ಎಂದಳು. ಅವ್ವನಿಗೆ ಈಗ ಎಲ್ಲದರಲ್ಲೂ ಒಂದು ಕೊಂಕು.

ಜನವರಿ 30, ಸೋಮವಾರ

ಮುಗಿಸಿಬಿಟ್ಟೆ. ಹೇಗೆ ಆಯಿತೋ ಹಾಗೆಯೇ ಬರೆಯುತ್ತೇನೆ.

ಹೊಳಿಯವ್ವನನ್ನು ಹನ್ನೊಂದಕ್ಕೆ ಕರೆಸಿದ್ದೆ. ಮೊದಲ ಬಸ್ಸಿಗೆ ಹೊರಟು ಬಂದಿದ್ದಳು, ಬಾಯಿ ಒಣಗಿತ್ತು. ಅಪ್ಪನ ಜೂನಿಯರ್ ವಕೀಲ ಹನುಮೇಶ ರಾಜಿಯ ಕಾಗದ ಹಿಡಿದು ಗೋಡೆಗೆ ಒತ್ತಿ ನಿಂತಿದ್ದ. ನಾನೇ ವಿವರಿಸಿದೆ: ಹಲಗೇರಿಯಲ್ಲಿ ಮನೆ, ನಳ, ಪಕ್ಕದಲ್ಲಿ ಬಸ್ ಸ್ಟ್ಯಾಂಡು. ಕೇಸು ಇನ್ನೂ ಎಷ್ಟು ವರ್ಷವೋ. ಅವಳಿಗೂ ವಯಸ್ಸಾಯಿತು.

"ಹೊಳಿ ಬಿಟ್ಟು ಹಲಗೇರ್ಯಾಗ ನಾ ಏನ್ ಮಾಡ್ಲಿರಿ?" ಎಂದಳು. ಸಿಟ್ಟಿನಿಂದಲ್ಲ, ನಿಜಕ್ಕೂ ಗೊತ್ತಿಲ್ಲದೆ ಕೇಳಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು. "ಸಾಹೇಬ್ರು ಏನಂತಾರ? ಅವರು ಹೂಂ ಅಂದ್ರ ಹೂಂ."

ಶಾಲಿನ ಕೆಳಗೆ ಹೆಬ್ಬೆರಳು ಶುರುವಾಯಿತು. ಅಡ್ಡ, ಅಡ್ಡ, ಅಡ್ಡ. ನಾನು ಬೆರಳು ಮಡಚಿ ಆ ಕೈಯನ್ನು ಮುಷ್ಟಿಯೊಳಗೆ ಬಿಗಿಹಿಡಿದೆ. ಅದು ಒಳಗೇ ಒದ್ದಾಡಿತು. ಅಪ್ಪ 'ತಾ' ಎಂದರು, ಜೋರಾಗಿ. ನಾನು ಕೂಡಲೇ ಬಾಗಿ ಕಿವಿ ಕೊಟ್ಟೆ, ಅವರ ಮುಖಕ್ಕೂ ಅವಳಿಗೂ ನಡುವೆ ನನ್ನ ತಲೆ ಬರುವಂತೆ.

"ಒಪ್ಪಿಕೋ ಅಂತಾರ," ಎಂದೆ.

ಹೊಳಿಯವ್ವ ಅಪ್ಪನ ಕಾಲು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡಳು. "ಹಂಗಾರ ಹ್ಞೂಂ," ಎಂದಳು.

ಹನುಮೇಶ ಮೆಲ್ಲಗೆ, "ಅಕ್ಕಾ, ಊಟ ಆದ ಮ್ಯಾಲೆ ಇನ್ನೊಮ್ಮೆ..." ಎಂದ. ಅವ್ವ ಮಠಕ್ಕೆ ಹೋಗಿದ್ದಳು, ಅಡುಗೆ ಆಗಿರಲಿಲ್ಲ. ನನಗೆ ಎರಡು ಕಡೆ ಹೋಗಬೇಕಿತ್ತು. "ಅದಾಲತ್ತಿನ ದಿವಸ ನೋಡೋಣ," ಎಂದೆ. ಜಹಾಂಗೀರ ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟುಬಂದ.

ಇದರಿಂದ ಅಪ್ಪನ ಮರ್ಯಾದೆ ಉಳಿಯುತ್ತದೆ. ಅವಳಿಗೆ ಗಟ್ಟಿ ಸೂರು ಸಿಗುತ್ತದೆ. ಯಾರೂ ಬೀದಿಗೆ ಬೀಳಲಿಲ್ಲ. ಆದರೂ ಅಂಗೈ ನೋಡಿಕೊಂಡರೆ ಉಗುರಿನ ಗುರುತು ಇದೆ. ಅವರದೋ, ನನ್ನದೇ ಉಗುರೋ ತಿಳಿಯದು.

ಫೆಬ್ರುವರಿ 3, ಶುಕ್ರವಾರ

ಅಪ್ಪ ಕೈ ಕೊಡುತ್ತಿಲ್ಲ. ಶಾಲಿನ ಕೆಳಗೆ ಹುಡುಕಿದರೆ ಎಡಗೈಯನ್ನು ತೊಡೆಯಡಿ ಇಟ್ಟುಕೊಂಡಿರುತ್ತಾರೆ. ಮೊದಲ ದಿನ ಗಾಬರಿಯಾಯಿತು. ಆದರೆ ಕೆಲಸಕ್ಕೆ ತೊಂದರೆಯೇನೂ ಆಗಿಲ್ಲ. ಅವರು ಏನು ಹೇಳಬಹುದೆಂದು ನನಗೀಗ ಗೊತ್ತು. ಜನ ನನ್ನ ಮುಖ ನೋಡಿಯೇ ಮಾತಾಡುತ್ತಾರೆ. ಸುಶ್ಮಿತಾಳಿಗೆ ವಾರಕ್ಕೆ ಒಮ್ಮೆ ಬಂದರೆ ಸಾಕೆಂದು ಹೇಳಿದೆ. ಆ ಹೊತ್ತಿಗೆ ಭೇಟಿಯವರು ಇರುತ್ತಾರೆ.

ಫೆಬ್ರುವರಿ 11, ಶನಿವಾರ

ಲೋಕ ಅದಾಲತ್. ಹೊಳಿಯವ್ವ ಮೊದಲು ಮನೆಗೆ ಬಂದಳು. ಹೊಳೆ ಇಳಿದಿದೆ, ಬುಟ್ಟಿಯಲ್ಲಿ ಎಳೆ ಸವತಿಕಾಯಿ, ಇನ್ನೂ ಹೂ ಉದುರದವು. ಅಪ್ಪನ ಕಾಲ ಹತ್ತಿರ ಇಟ್ಟಳು.

ನಾನು ಹೊರಡಿಸುವ ಅವಸರದಲ್ಲಿದ್ದೆ. ಅವ್ವ ಒಳಗಿನಿಂದ, "ಹೊಳಿಯವ್ವಾ, ಕೈ ತೊಳ್ಕೊಂಡ ಬಾ," ಎಂದಳು. ಹತ್ತು ಗಂಟೆಗೇ ಅಡುಗೆ ಮಾಡಿಟ್ಟಿದ್ದಾಳೆ! ಬೇಕೆಂದೇ. ಅಪ್ಪನ ಎದುರಿಗೆ ಎಲೆ ಹಾಕಿ, ರೊಟ್ಟಿ, ಬದನೆಕಾಯಿ, ಅವಳೇ ತಂದ ಸವತಿಕಾಯಿಯ ಪಚಡಿ ಬಡಿಸಿದಳು. ನಾನು ಗಡಿಯಾರ ನೋಡುತ್ತ ನಿಂತೆ. ಹೊಳಿಯವ್ವ ನಿಧಾನವಾಗಿ, ಒಂದು ಚೂರೂ ಬಿಡದೆ ಉಂಡಳು. ಕೈ ತೊಳೆದಳು. ಬಂದು ನನ್ನ ಎದುರು ಕೂತಳು.

"ಊಟ ಆತ್ರಿ ಅಕ್ಕಾರ. ಈಗ ಕೇಳ್ರಿ."

ಅವ್ವ ಸೌಟು ಹಿಡಿದು ಬಾಗಿಲಲ್ಲಿ. ಹನುಮೇಶ ಫೈಲಿನೊಳಗೆ ಕಣ್ಣು ನೆಟ್ಟಿದ್ದ. ಅಪ್ಪ ನನ್ನನ್ನೇ ನೋಡುತ್ತಿದ್ದರು. ಹೊರಗೆ ಸುಭಾಷ ಕಾರಿನ ಹಾರ್ನ್ ಒತ್ತಿದ.

"ಹೊತ್ತಾತು ನಡಿ, ಅಲ್ಲೇ ಸಾಹೇಬ್ರು ಕೇಳ್ತಾರ," ಎಂದೆ.

"ಯಾವ ಸಾಹೇಬ್ರು?"

"ಜಡ್ಜ್ ಸಾಹೇಬ್ರು."

ಅವಳು ನೆಲಕ್ಕೆ ಕೈಯೂರಿ ಎದ್ದಳು. ಕೋರ್ಟಿನಲ್ಲಿ ನ್ಯಾಯಾಧೀಶರು ಒಪ್ಪಿಗೆ ಇದೆಯೇ ಎಂದು ಕೇಳಿದಾಗ ನನ್ನ ಮುಖ ನೋಡಿ, "ಹ್ಞೂಂ," ಎಂದಳು. ಹೆಬ್ಬೆಟ್ಟು ಒತ್ತುವಾಗ ಕೈ ಸೆರಗಿನಡಿಯಿಂದ ಹೊರಗೆ ಬರಲಿಲ್ಲ; ಹನುಮೇಶ ಹಿಡಿದು ಒತ್ತಿಸಬೇಕಾಯಿತು. ಪಾಪ, ವಯಸ್ಸು. ಚಳಿಯೂ ಇತ್ತು.

ಊಟದ ಮೇಲೆ ಕೇಳುವುದು ಅಪ್ಪನ ಪದ್ಧತಿ. ಕಾನೂನಿನಲ್ಲಿ ಎಲ್ಲೂ ಇಲ್ಲ. ಹನುಮೇಶನನ್ನೂ ಕೇಳಿದೆ. "ಇಲ್ರಿ ಮೇಡಂ," ಎಂದ. ಮೊದಲು ಅಕ್ಕಾ ಎನ್ನುತ್ತಿದ್ದ.

ಮಾರ್ಚ್ 22, ಬುಧವಾರ

ಯುಗಾದಿ. ಅಭ್ಯರ್ಥಿಗಳ ಪಟ್ಟಿಯಲ್ಲಿ ನನ್ನ ಹೆಸರು ಖಚಿತವೆಂದು ಬೆಂಗಳೂರಿನಿಂದ ಫೋನ್ ಬಂತು. ಅಪ್ಪ ಆರೋಗ್ಯದ ಕಾರಣ ಹಿಂದೆ ಸರಿದು ಮಗಳನ್ನು ಹರಸಿದ್ದಾರೆ ಎಂಬ ಹೇಳಿಕೆ ನಾನೇ ಬರೆದುಕೊಟ್ಟೆ. ಭಾಷೆ ಚೆನ್ನಾಗಿದೆ ಎಂದರು. ಬೇವು ಬೆಲ್ಲ ತಿನ್ನಲು ಪುರುಸೊತ್ತಾಗಲಿಲ್ಲ. ಅಹವಾಲು ಅರ್ಜಿಗಳನ್ನು ಇಡಲು ಮೇಜಿನ ಮೇಲೆ ಜಾಗ ಸಾಲದೆ ಓದುವ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿಸಿದೆ.

ಏಪ್ರಿಲ್ 17, ಸೋಮವಾರ

ನಾಮಪತ್ರ ಸಲ್ಲಿಸಿದೆ. ಹಲಗೇರಿಯಿಂದಲೂ ಟ್ರಾಕ್ಟರುಗಳು ಬಂದಿದ್ದವು. ಅವುಗಳಲ್ಲೊಂದರಲ್ಲಿ ಹೊಳಿಯವ್ವನೂ ಇದ್ದಳು. ಹೊಸ ಮನೆಯ ಓಣಿಯವರು ಕರೆತಂದಿದ್ದರು. ನಾನು ಕೈ ಮುಗಿದಾಗ ಅವಳು ಬೇರೆಯವರ ಬೆನ್ನ ಹಿಂದೆ ಸರಿದಳು. ಈಚೆಗೆ ಜನ ನನ್ನೆದುರು ಹಾಗೆ ಸ್ವಲ್ಪ ಹಿಂದೆ ನಿಲ್ಲುತ್ತಾರೆ. ಗೌರವ ಒಳ್ಳೆಯದೇ, ಆದರೆ ಮತ ಕೇಳುವ ಹೊತ್ತಿನಲ್ಲಿ ಹತ್ತಿರ ಬರುವಂತೆ ಮಾಡಬೇಕು. ಕಾರ್ಯಕರ್ತರಿಗೆ ಹೇಳಬೇಕು.

ಹೊರಡುವ ಮುನ್ನ ಆದದ್ದೊಂದು ಬರೆಯಬೇಕು.

ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಆಶೀರ್ವಾದಕ್ಕೆಂದು ಒಳಗೆ ಹೋದೆ. ಅಪ್ಪ ಊಟಕ್ಕೆ ಮಣೆಯ ಮೇಲೆ ಕೂತಿದ್ದರು, ಮುಂದೆ ತಟ್ಟೆ ಇತ್ತು. ಕಾಲು ಮುಟ್ಟಿ ಎದ್ದಾಗ ಅಪ್ಪ ತೊಡೆಯಡಿಯಿಂದ ಎಡಗೈ ತೆಗೆದರು. ಎಷ್ಟು ದಿನಗಳ ಮೇಲೆ! ತಲೆಯ ಮೇಲೆ ಇಡುತ್ತಾರೆ ಎಂದುಕೊಂಡು ಬಾಗಿದೆ. ಅವರು ತಟ್ಟೆಯ ಅಂಚು ಹಿಡಿದು ನನ್ನ ಕಡೆ ತಳ್ಳಿದರು. ಬಡಿಸಿದ್ದ ಹಾಗೆಯೇ ಇತ್ತು, ಮುಟ್ಟಿರಲಿಲ್ಲ. ನಾನು ನಿಂತೇ ಇದ್ದೆ. ಮತ್ತೆ ತಳ್ಳಿದರು. ತಟ್ಟೆ ನೆಲಕ್ಕೆ ಉಜ್ಜಿ ಸದ್ದಾಯಿತು. 'ತಾ' ಎಂದರು. ಜೋರಾಗಿ ಅಲ್ಲ. ಕೋರ್ಟಿನಿಂದ ಬಂದ ಕಕ್ಷಿದಾರರನ್ನು ಕೂರಿಸುವಾಗ ಹೇಳುತ್ತಿದ್ದ ಮೆತ್ತನೆಯ ಧ್ವನಿಯಲ್ಲಿ.

ಅವ್ವ ನನಗಾಗಿ ಮಣೆ ಹಾಕಿದಳು. "ಕೂಡು ಪ್ರಿಯಾ. ಎರಡ ತುತ್ತು ಉಂಡ ಹೋಗು."

ಉಂಡರೆ ಕೈ ತೊಳೆಯಬೇಕು. ಕೈ ತೊಳೆದ ಮೇಲೆ ಅವರೆದುರು ಬಂದು ಕೂರಬೇಕು.

"ಹಸಿವಿಲ್ಲಪ್ಪಾ," ಎಂದು ಹೊರಗೆ ಬಂದೆ.

ಚುನಾವಣೆ ಮುಗಿಯುವವರೆಗೆ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುವುದು ಆಗದ ಮಾತು. ನಾಳೆಯಿಂದ ಊಟ ಹೊರಗೇ ಮಾಡುತ್ತೇನೆಂದು ಅವ್ವನಿಗೆ ಹೇಳಿಬಿಟ್ಟೆ. ಅದೇ ಅನುಕೂಲ.